ಬ್ಯಾಗ್ ಫಿಲ್ಟರ್ ಚೆನ್ನಾಗಿದೆ, ಅದರ ಜೊತೆ ಬಂದ ಕರಾರು ಚೆನ್ನಾಗಿಲ್ಲ

ಶಿವಮೊಗ್ಗದ ಹತ್ತಿರ ಮಾಚೇನಹಳ್ಳಿಯಲ್ಲಿ ನಮ್ಮದೊಂದು ಸಣ್ಣ ಫೌಂಡ್ರಿ, ಅಂದರೆ ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆ ಇದೆ. ಕರೆಂಟಿನಿಂದ ಲೋಹ ಕರಗಿಸುವ 500 ಕೆಜಿಯ ಎರಡು ಇಂಡಕ್ಷನ್ ಫರ್ನೇಸ್. ಅದರ ಹೊಗೆ, ಧೂಳು ಹಿಡಿಯುವುದಕ್ಕೆ ಹಾಕಿಸಿದ, ಗಾಳಿಯನ್ನು ಬಟ್ಟೆಯ ಬ್ಯಾಗುಗಳಲ್ಲಿ ಸೋಸುವ ಬ್ಯಾಗ್ ಫಿಲ್ಟರ್ ಓಡಲು ಶುರುವಾಗಿ ಒಂದೂವರೆ ವರ್ಷ ಆಯಿತು. ಕೊಟ್ಟವರು ಹೊರ ರಾಜ್ಯದ ಕಂಪನಿ, ಹೆಸರು ಬರೆಯುವುದಿಲ್ಲ. ಇಂಥದ್ದೇ ಕಾಗದ ಬೇರೆಯವರೂ ಕೊಡುತ್ತಾರೆ. ಹಾಗಾಗಿ ಹೆಸರಿಗಿಂತ ಆ ಕಾಗದದಲ್ಲಿ ಏನಿತ್ತು ಅನ್ನುವುದೇ ನಿಮಗೆ ಉಪಯೋಗಕ್ಕೆ ಬರುತ್ತದೆ.

ಮೊದಲು ಯಂತ್ರದ ಮಾತು. ತಗಡು ದಪ್ಪ ಇದೆ, ವೆಲ್ಡಿಂಗ್ ನೀಟಾಗಿದೆ, ಬ್ಲೋವರ್ ಸದ್ದು ಜಾಸ್ತಿ ಇಲ್ಲ. ಎರಡು ಮಳೆಗಾಲ ನೆನೆದರೂ ಧೂಳು ಬಂದು ಬೀಳುವ ಹಾಪರ್ ಕೆಳಗೆ ತುಕ್ಕು ಹಿಡಿದಿಲ್ಲ. ಮಲೆನಾಡಿನಲ್ಲಿ ಇದು ಸಣ್ಣ ವಿಷಯ ಅಲ್ಲ. ಯಂತ್ರಕ್ಕೆ 5ಕ್ಕೆ 4 ಕೊಡುತ್ತೇನೆ. ಕರಾರಿಗೆ 1.

ಆರ್ಡರ್ ಕೊಟ್ಟಿದ್ದು ಫೆಬ್ರವರಿಯಲ್ಲಿ. ದುಡ್ಡು 30 ಪರ್ಸೆಂಟ್ ಅಡ್ವಾನ್ಸ್, 60 ಮಾಲು ಲಾರಿ ಹತ್ತುವ ಮುಂಚೆ, ಉಳಿದ 10 ಯಂತ್ರ ಓಡಿದ ಮೇಲೆ. ಮಾಲು ಬಂದಿದ್ದು ಮೇ ಕೊನೆಗೆ. ಜೋಡಿಸುವವರು ಯಾವಾಗ ಬರುತ್ತಾರೆ ಅಂತ ಕರಾರಿನಲ್ಲಿ ನೋಡಿದರೆ 'ಇಬ್ಬರೂ ಒಪ್ಪಿದ ದಿನ' ಅಂತ ಇತ್ತು, ತಾರೀಕೇ ಇಲ್ಲ. ಜೂನ್ ಮೊದಲ ವಾರ ಮಳೆ ಹಿಡಿಯಿತು, ಅಂಗಳ ಕೆಸರಾಯಿತು, ಕ್ರೇನ್ ಒಳಗೆ ಬರಲಿಲ್ಲ. ಅವರ ಟೀಮು ಬಂದಿದ್ದು ದಸರಾ ಮುಗಿದ ಮೇಲೆ. ಅಷ್ಟೂ ದಿನ ಬ್ಯಾಗುಗಳು ರಟ್ಟಿನ ಡಬ್ಬದಲ್ಲಿ ಶೆಡ್ಡಿನ ಮೂಲೆಯಲ್ಲಿದ್ದವು. ತೆಗೆದು ನೋಡಿದರೆ ಕೆಳಗಿನ ಎರಡು ಡಬ್ಬ ಮೆತ್ತಗಾಗಿ, ಒಳಗಿನ ಬಟ್ಟೆಗೆ ಬೂಷ್ಟು ಹಿಡಿದಿತ್ತು.

ವಾರಂಟಿ ಇದೆಯಲ್ಲ ಅಂತ ಫೋನ್ ಮಾಡಿದೆ. ವಾರಂಟಿ ಮಾಲು ಕಳಿಸಿದ ದಿನದಿಂದ 12 ತಿಂಗಳು ಅಂದರು. ಅಂದರೆ ಯಂತ್ರದ ಸ್ವಿಚ್ ಒತ್ತುವ ಮುಂಚೆಯೇ ಐದು ತಿಂಗಳು ಕಳೆದುಹೋಗಿತ್ತು. ಮೂಲೆಯಲ್ಲಿ ಇಟ್ಟಿದ್ದು ನೀವು, ಬೂಷ್ಟು ನಿಮ್ಮ ಜವಾಬ್ದಾರಿ ಅಂತಲೂ ಹೇಳಿದರು. ಕಾಗದ ನೋಡಿದರೆ ಅವರು ಹೇಳಿದ್ದು ಸರಿಯೇ. ಬೇರೆ ಕಡೆ ಸಾಮಾನ್ಯವಾಗಿ ಓಡಲು ಶುರುವಾದ ದಿನದಿಂದ 12 ತಿಂಗಳು ಅಥವಾ ಕಳಿಸಿದ ದಿನದಿಂದ 18 ತಿಂಗಳು, ಯಾವುದು ಮೊದಲೋ ಅದು ಅಂತ ಬರೆಯುತ್ತಾರೆ. ಕನಿಷ್ಠ ಅಷ್ಟನ್ನಾದರೂ ಕೇಳಿ. ನಮ್ಮ ಕಡೆಯವರು ಇನ್ನೊಂದನ್ನೂ ಸೇರಿಸಬೇಕು: ಜೋಡಿಸುವ ಟೀಮಿನ ದಿನ ಗಟ್ಟಿಯಾದ ಮೇಲೆ ಮಾತ್ರ ಮಾಲು ಕಳಿಸಬೇಕು. ಜೂನ್‌ನಿಂದ ಸೆಪ್ಟೆಂಬರ್ ಮಧ್ಯೆ ಇಲ್ಲಿ ಎಂಥ ಮಳೆ ಅಂತ ಹೊರಗಿನವರಿಗೆ ಗೊತ್ತಿರುವುದಿಲ್ಲ, ನಾವೇ ಬರೆಸಬೇಕು.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಗ್ಯಾರಂಟಿ. ನಮ್ಮ ಕರಾರಿನಲ್ಲಿ ಇದ್ದಿದ್ದು ಒಂದೇ ಸಾಲು, 'ಹೊರಹೋಗುವ ಗಾಳಿ ಮಾಲಿನ್ಯ ಮಂಡಳಿಯ ನಿಯಮದಂತೆ ಇರುತ್ತದೆ'. ಓದಲು ಚೆನ್ನಾಗಿದೆ. ಆದರೆ ಯಾವ ನಿಯಮ? ಹಳೇ ಥರದ, ಕೋಕ್ ಉರಿಸುವ ಕ್ಯುಪೋಲಾ ಕುಲುಮೆ ಗಂಟೆಗೆ 3 ಟನ್‌ಗಿಂತ ಕಡಿಮೆ ಕರಗಿಸುವುದಾದರೆ ಧೂಳಿನ ಮಿತಿ ಒಂದು ನಾರ್ಮಲ್ ಘನ ಮೀಟರ್‌ಗೆ 450 ಮಿಲಿಗ್ರಾಂ, ಅದಕ್ಕಿಂತ ದೊಡ್ಡದಾದರೆ 150. ಇಂಡಕ್ಷನ್ ಫರ್ನೇಸ್ ಯಾವ ಸೈಜಾದರೂ 150. ಮಂಡಳಿ ನಿಮಗೆ ಕೊಟ್ಟ ಅನುಮತಿ ಪತ್ರ, ಅಂದರೆ ಕನ್ಸೆಂಟ್ ಆರ್ಡರ್‌ನಲ್ಲಿ ಯಾವ ಅಂಕಿ ಇದೆಯೋ ಅದನ್ನೇ ಕರಾರಿಗೆ ಇಳಿಸಿ. ಅಂಕಿ ಇಲ್ಲದ ಗ್ಯಾರಂಟಿ ಹಿಡಿದುಕೊಂಡು ಯಾರ ಹತ್ತಿರ ಹೋಗಿ ಕೇಳುತ್ತೀರಿ?

ಚಿಮಣಿಯ ಗಾಳಿಯ ಮೊದಲ ಟೆಸ್ಟ್‌ನಲ್ಲಿ ನಮಗೆ 190 ಬಂತು. ಆ ರಾತ್ರಿ ನಿದ್ದೆ ಬರಲಿಲ್ಲ. ವಾಯು ಕಾಯ್ದೆಯ 31ಎ ಕಲಮಿನಲ್ಲಿ ಕಾರ್ಖಾನೆ ಮುಚ್ಚಿಸುವ, ಕರೆಂಟು ತೆಗೆಸುವ ಅಧಿಕಾರ ಮಂಡಳಿಗಿದೆ. ಹದಿನೆಂಟು ಮನೆಯ ಅನ್ನ ನಮ್ಮ ಫರ್ನೇಸ್ ಮೇಲೆ ನಿಂತಿದೆ. ಕಂಪನಿಗೆ ರಿಪೋರ್ಟ್ ಕಳಿಸಿದರೆ, ಒಳಗೆ ಬರುವ ಧೂಳು ನಾವು ಲೆಕ್ಕ ಹಾಕಿದ್ದಕ್ಕಿಂತ ಜಾಸ್ತಿ ಇದೆ, ಗ್ಯಾರಂಟಿ ಅನ್ವಯಿಸುವುದಿಲ್ಲ ಅಂದರು. ಅವರು ಎಷ್ಟು ಲೆಕ್ಕ ಹಾಕಿದ್ದರು? ಕಾಗದದಲ್ಲಿ ಎಲ್ಲೂ ಇಲ್ಲ. ಫ್ಯಾಕ್ಟರಿ ಮುಚ್ಚಿದರೆ ಆಗುವ ನಷ್ಟಕ್ಕೆ ನಾವು ಹೊಣೆಯಲ್ಲ ಅನ್ನುವ ಸಾಲು ಮಾತ್ರ ಸ್ಪಷ್ಟವಾಗಿತ್ತು.

ಅದಕ್ಕೇ ಹೇಳುವುದು, ಬರೀ ಔಟ್‌ಲೆಟ್ ಅಂಕಿ ಬರೆಸಿದರೆ ಸಾಲದು. ಗಾಳಿ ಗಂಟೆಗೆ ಎಷ್ಟು ಘನ ಮೀಟರ್, ಒಳಬರುವ ಧೂಳು ಎಷ್ಟು, ಬಿಸಿ ಎಷ್ಟು, ಟೆಸ್ಟ್ ದಿನ ಫರ್ನೇಸ್ ಎಷ್ಟು ಲೋಡಿನಲ್ಲಿ ಓಡುತ್ತಿರಬೇಕು, ಎಲ್ಲವೂ ಅದೇ ಹಾಳೆಯಲ್ಲಿ ಇರಬೇಕು. ಟೆಸ್ಟ್ ಮಾಡುವವರು ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬಿನವರೇ ಆಗಿರಬೇಕು, ಫೀಸು ಯಾರದ್ದು, ಫೇಲಾದರೆ ಎಷ್ಟು ದಿನದಲ್ಲಿ ಸರಿಮಾಡಿ ಮತ್ತೆ ಟೆಸ್ಟ್ ಮಾಡಿಸಬೇಕು ಅಂತಲೂ ಬರೆಸಿ. ಚಿಮಣಿಗೆ ಸ್ಯಾಂಪಲ್ ತೆಗೆಯುವ ತೂತು, ಏಣಿ, ನಿಲ್ಲುವ ಪ್ಲಾಟ್‌ಫಾರ್ಮ್ ನಮ್ಮ ಕರಾರಿನಲ್ಲಿ ಇರಲೇ ಇಲ್ಲ, ಆಮೇಲೆ ನಾವೇ ಕೈಯಿಂದ ಹಾಕಿ ಮಾಡಿಸಿದೆವು. ಕಿಡಿ ತಡೆಯುವ ಸ್ಪಾರ್ಕ್ ಅರೆಸ್ಟರ್ ಕೂಡ ಕೊಟೇಶನ್‌ನಲ್ಲಿ 'ಆಪ್ಷನಲ್'. ಪಾಲಿಯೆಸ್ಟರ್ ಬ್ಯಾಗು 130 ಡಿಗ್ರಿ ಆಸುಪಾಸಿನ ಬಿಸಿಯವರೆಗೆ ಮಾತ್ರ ತಡೆಯುತ್ತದೆ, ಒಂದು ಕಿಡಿ ಬಿದ್ದರೆ ತೂತು. ಫರ್ನೇಸಿನ ಹೊಗೆ ಎಳೆಯುವ ಫಿಲ್ಟರ್‌ಗೆ ಅದು ಆಪ್ಷನಲ್ ಹೇಗಾಗುತ್ತದೆ?

ಕೊನೆಗೆ ನಮ್ಮನ್ನು ಕಾಪಾಡಿದ್ದು ಕರಾರಲ್ಲ, ಅವರ ಸರ್ವಿಸ್ ಹುಡುಗ. ಬಂದವನೇ ಕಾಫಿಯನ್ನೂ ಮುಟ್ಟದೆ ಮೇಲೆ ಹತ್ತಿದ. ಹೊಗೆ ಬರುವ ಕೊಳವೆ, ಅಂದರೆ ಡಕ್ಟಿನೊಳಗೆ ಹೊಳೆಯುವ ಪುಡಿ ಬಿಟ್ಟು ಸ್ವಲ್ಪ ಹೊತ್ತು ಬ್ಲೋವರ್ ಓಡಿಸಿ ನಿಲ್ಲಿಸಿದ. ಆಮೇಲೆ ಮೇಲಿನ ಬಾಗಿಲು ತೆಗೆದು, ನನ್ನನ್ನೂ ಕರೆದು, ಕತ್ತಲಲ್ಲಿ ನೇರಳೆ ಬೆಳಕಿನ ಟಾರ್ಚ್ ಹಿಡಿದ. ಬ್ಯಾಗು ಕೂರುವ ತಟ್ಟೆಯ ಮೇಲೆ ಮೂರು ಕಡೆ ಹಸಿರು ಗೆರೆ ಹೊಳೆಯಿತು. ಮೂರು ಬ್ಯಾಗಿನ ಕಾಲರು ತೂತಿನಲ್ಲಿ ಸರಿಯಾಗಿ ಕೂತಿರಲಿಲ್ಲ, ಧೂಳು ಅಲ್ಲಿಂದಲೇ ನುಸುಳುತ್ತಿತ್ತು. ಕೈಯಲ್ಲಿ ಒತ್ತಿ ಕೂರಿಸಿದ, ಬೂಷ್ಟು ಹಿಡಿದವನ್ನು ಬದಲಿಸಿದ. ಬ್ಯಾಗಿನ ಧೂಳು ಕೊಡವುವ ಕಂಪ್ರೆಸರ್ ಗಾಳಿಯಲ್ಲಿ ನೀರಿದೆ, ಡ್ರೈಯರ್ ಹಾಕಿಸಿ ಸರ್, ಇಲ್ಲದಿದ್ದರೆ ಧೂಳು ಬ್ಯಾಗಿಗೆ ಅಂಟಿಕೊಳ್ಳುತ್ತದೆ ಅಂದ. ಹಾಕಿಸಿದೆವು. ಮುಂದಿನ ಟೆಸ್ಟ್‌ನಲ್ಲಿ 72 ಬಂತು. ಆ ಹುಡುಗನಿಗೆ 5ಕ್ಕೆ 5.

ಅವನು ಅಷ್ಟು ಬೇಗ ಬಂದಿದ್ದಕ್ಕೂ ಕಾರಣ ಇದೆ. ಕೊನೆಯ 10 ಪರ್ಸೆಂಟ್ ನಮ್ಮ ಕೈಯಲ್ಲೇ ಇತ್ತು. ಆದರೆ ಸುಮ್ನೆ ದುಡ್ಡು ತಡೆಹಿಡಿಯಬೇಡಿ. ಕೊಟ್ಟವರು ಸಣ್ಣ ಉದ್ಯಮ ಅಂತ ನೋಂದಣಿ ಆಗಿದ್ದರೆ 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ 45 ದಿನದೊಳಗೆ ಕೊಡಬೇಕು, ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಮಾಲಿನಲ್ಲಿ ತಕರಾರು ಇದ್ದರೆ ಬಂದ 15 ದಿನದೊಳಗೆ ಬರೆದು ತಿಳಿಸಬೇಕು. ಹಾಗೆ ತಿಳಿಸಿದರೆ ಆ ತಕರಾರು ಬಗೆಹರಿದ ದಿನದಿಂದ ಲೆಕ್ಕ ಶುರುವಾಗುತ್ತದೆ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕೆ ಬರಲ್ಲ.

ಈಗ ಶಾಟ್ ಬ್ಲಾಸ್ಟಿಂಗ್‌ಗೆ (ಎರಕದ ಮೇಲೆ ಸಣ್ಣ ಗುಂಡು ಹೊಡೆದು ಶುಚಿ ಮಾಡುವ ಕೆಲಸ) ಇನ್ನೊಂದು ಡಸ್ಟ್ ಕಲೆಕ್ಟರ್ ಇಲ್ಲಿಯವರ ಹತ್ತಿರವೇ ಮಾಡಿಸುತ್ತಿದ್ದೇವೆ. ಮೇಲೆ ಹೇಳಿದ್ದೆಲ್ಲ ಎರಡು ಹಾಳೆಯಲ್ಲಿ ಬರೆದು ಕೊಟ್ಟೆ. ಅವರು ಓದಿ, ಒಳಬರುವ ಧೂಳು ನಾವೇ ಅಳೆದು ನೋಡುತ್ತೇವೆ ಅಂತ ಮರುದಿನವೇ ಬಂದರು. ಟೆಸ್ಟ್ ಪಾಸಾಗುವವರೆಗೆ 20 ಪರ್ಸೆಂಟ್ ನಮ್ಮ ಹತ್ತಿರ ಇರಲಿ ಅನ್ನುವುದಕ್ಕೂ ಒಪ್ಪಿದರು. ತಡವಾದರೆ ವಾರಕ್ಕೆ ಅರ್ಧ ಪರ್ಸೆಂಟ್ ಕಡಿತ, ಗರಿಷ್ಠ 5. ವ್ಯಾಜ್ಯ ಬಂದರೆ ಶಿವಮೊಗ್ಗದಲ್ಲೇ. ಹಿಂದಿನ ಕರಾರಿನಲ್ಲಿ ಅದಕ್ಕೂ ಅವರ ಊರಿಗೇ ಹೋಗಬೇಕಿತ್ತು.

ಹಳೇ ಫಿಲ್ಟರ್‌ಗೆ ಈ ಮಳೆಗಾಲದ ಮುಂಚೆ ಬ್ಯಾಗು ಬದಲಿಸಬೇಕು. ಕಂಪನಿ ಕೊಟ್ಟ ರೇಟು ಜಾಸ್ತಿ ಅನಿಸಿತು. ಬೇರೆ ಕಡೆ ಕೇಳೋಣ ಅಂದರೆ ಅಳತೆಯ ಡ್ರಾಯಿಂಗ್ ನಮ್ಮ ಹತ್ತಿರ ಇಲ್ಲ, ಕೊಡಬೇಕು ಅಂತ ಕರಾರಿನಲ್ಲಿಯೂ ಇರಲಿಲ್ಲ. ಭಾನುವಾರ ಫರ್ನೇಸ್ ನಿಲ್ಲಿಸಿದಾಗ ಒಂದು ಬ್ಯಾಗು, ಅದನ್ನು ಒಳಗಿನಿಂದ ಹಿಡಿದು ನಿಲ್ಲಿಸುವ ಒಂದು ತಂತಿಯ ಕೇಜು ಹೊರಗೆ ತೆಗೆದು ಟೇಪು ಹಿಡಿದು ಅಳೆದು ಬರೆದಿಟ್ಟಿದ್ದೇನೆ. ಹೊಸ ಕರಾರಿನಲ್ಲಿ ಡ್ರಾಯಿಂಗ್ ಕೈಗೆ ಬಂದ ಮೇಲೇ ಎರಡನೇ ಕಂತು.