ಮೂಡಲ್ ಬೇಕೋ, ಗೂಗಲ್ ಕ್ಲಾಸ್‌ರೂಮ್ ಸಾಕೋ?

ಎರಡೂ ಆನ್‌ಲೈನ್‌ನಲ್ಲಿ ಪಾಠ, ಅಸೈನ್‌ಮೆಂಟ್, ಕ್ವಿಜ್ ಕೊಡಲು ಮೇಷ್ಟ್ರುಗಳು ಬಳಸುವ ತಂತ್ರಾಂಶಗಳು. ತುಮಕೂರಿನ ಡಿಗ್ರಿ ಕಾಲೇಜೊಂದರಲ್ಲಿ ಪಾಠ ಮಾಡುವ ನಾನು ಎರಡನ್ನೂ ಬಳಸಿದ್ದೇನೆ. ಆರಿಸುವ ಮುನ್ನ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಸರ್ವರ್, ಅಂದರೆ ಪಾಠಗಳನ್ನೆಲ್ಲ ಇಟ್ಟುಕೊಂಡು ಮಕ್ಕಳಿಗೆ ಒದಗಿಸುವ ಕಂಪ್ಯೂಟರ್, ನೋಡಿಕೊಳ್ಳಲು ನಿಮ್ಮಲ್ಲಿ ಯಾರಾದರೂ ಇದ್ದಾರಾ?

ಇಲ್ಲವೆಂದರೆ 2014ರಲ್ಲಿ ಬಂದ ಗೂಗಲ್ ಕ್ಲಾಸ್‌ರೂಮೇ ಸರಿ, ಅದರ ಸರ್ವರ್ ಗೂಗಲ್‌ನವರೇ ನೋಡಿಕೊಳ್ಳುತ್ತಾರೆ. ಕೋಡ್ ಕೊಟ್ಟರೆ ಮಕ್ಕಳು ತಾವೇ ಸೇರಿಕೊಳ್ಳುತ್ತಾರೆ, ಅಸೈನ್‌ಮೆಂಟ್ ಬರೆದು ಫೋಟೊ ತೆಗೆದು ಹಾಕುತ್ತಾರೆ. ಹೊಸ ಮೇಷ್ಟ್ರಿಗೂ ಒಂದು ಮಧ್ಯಾಹ್ನ ಸಾಕು.

ಮೂಡಲ್ 2002ರದು, ಆಸ್ಟ್ರೇಲಿಯಾದ ಮಾರ್ಟಿನ್ ಡೌಗಿಯಾಮಾಸ್ ಶುರುಮಾಡಿದ, ಯಾರು ಬೇಕಾದರೂ ಬಳಸಿ ಬದಲಿಸಿಕೊಳ್ಳಬಹುದಾದ ಮುಕ್ತ ತಂತ್ರಾಂಶ. ತಂತ್ರಾಂಶಕ್ಕೆ ದುಡ್ಡಿಲ್ಲ, ಆದರೆ ಸರ್ವರ್, ಬ್ಯಾಕಪ್, ಅಪ್‌ಡೇಟ್ ಎಲ್ಲ ನಮ್ಮ ತಲೆಮೇಲೆ. ಒಮ್ಮೆ ಇಂಟರ್ನಲ್ ಟೆಸ್ಟ್ ನಡುವೆಯೇ ಸರ್ವರ್ ಕೈಕೊಟ್ಟು, ಮಕ್ಕಳು ಮತ್ತೆ ಮೊದಲಿನಿಂದ ಬರೆಯಬೇಕಾಯಿತು. ಆ ಮುಖಗಳು ಇನ್ನೂ ಕಣ್ಣಮುಂದಿವೆ.

ಆದರೂ ನನ್ನ ಒಲವು ಮೂಡಲ್ ಕಡೆಗೇ. ಕಾರಣ ಅದರ ಪ್ರಶ್ನೆ ಬ್ಯಾಂಕ್. ಒಂದು ಅಧ್ಯಾಯಕ್ಕೆ 60 ಪ್ರಶ್ನೆ ತುಂಬಿಸಿಟ್ಟರೆ, ಅದರಿಂದಲೇ ಒಬ್ಬೊಬ್ಬರಿಗೆ ಒಂದೊಂದು ಥರದ ಹತ್ತು ಪ್ರಶ್ನೆ ಎತ್ತಿಕೊಡುತ್ತದೆ. ಉತ್ತರ ತಪ್ಪಾದರೆ ಯಾಕೆ ತಪ್ಪು ಅಂತ ಅಲ್ಲೇ ಕಾಣುವ ಹಾಗೆ ಕನ್ನಡದಲ್ಲಿ ಬರೆದಿಡಬಹುದು. ಅಂಕಕ್ಕಿಂತ ಆ ಎರಡು ಸಾಲೇ ಕಲಿಸುತ್ತದೆ. ಮಧುಗಿರಿ ಕಡೆಯಿಂದ ಬರುವ ನಮ್ಮ ಹುಡುಗಿಯೊಬ್ಬಳು ಕಾಲೇಜಿನ ವೈಫೈಯಲ್ಲಿ ಪಾಠವನ್ನು ಮೂಡಲ್ ಆಪ್‌ಗೆ ಇಳಿಸಿಕೊಂಡು, ಬಸ್ಸಿನಲ್ಲಿ ನೆಟ್ ಇಲ್ಲದೆಯೇ ಓದುತ್ತಾಳೆ. ಮೇಷ್ಟ್ರು ಅನುಮತಿ ಕೊಟ್ಟಿದ್ದರೆ ಕ್ವಿಜ್ ಕೂಡ ಹಾಗೇ ಬರೆಯಬಹುದು.

ಮೂಡಲ್‌ನ ದೊಡ್ಡ ಕುಂದು, ಎಲ್ಲಿ ನೋಡಿದರೂ ಸೆಟ್ಟಿಂಗ್. ಮೊದಲ ಸೆಮಿಸ್ಟರ್‌ನಲ್ಲಿ ಪಾಠ, ಕ್ವಿಜ್, ಅಸೈನ್‌ಮೆಂಟ್ ಮೂರನ್ನೇ ಬಳಸಿ, ಉಳಿದದ್ದನ್ನು ಮುಟ್ಟಲೇಬೇಡಿ.