ಮೊದಲ ಗ್ಯಾಲಪ್‌ಗೆ ತಯಾರಿ: ನಾನು ಮುಗಿಸಿದ ರೈಡಿಂಗ್ ಕೋರ್ಸ್ ಹೇಗಿತ್ತು

ಗ್ಯಾಲಪ್, ಅಂದರೆ ಕುದುರೆಯ ಪೂರ್ತಿ ವೇಗದ ಓಟ, ಕಲಿಸುತ್ತೇವೆ ಅನ್ನುವ ರೈಡಿಂಗ್ ಸ್ಕೂಲ್ ಚೆನ್ನಾಗಿದೆಯೋ ಇಲ್ಲವೋ ತಿಳಿಯಬೇಕಾ? ಕುದುರೆ ಓಡಿಸುವ ಮುಂಚೆ ಅದನ್ನು ನಿಲ್ಲಿಸುವುದನ್ನು ಎಷ್ಟು ಹೊತ್ತು ಕಲಿಸುತ್ತಾರೆ ನೋಡಿ. ನಾನು ಮುಗಿಸಿದ ಕೋರ್ಸ್ ಇದರಲ್ಲಿ ಗೆದ್ದಿದೆ. ಕೊರತೆಗಳೂ ಇವೆ, ಅದರಲ್ಲಿ ಒಂದು ನನಗೆ ನಿಜಕ್ಕೂ ಸಿಟ್ಟು ತರಿಸಿತು. ಆದರೂ ಒಟ್ಟಿನಲ್ಲಿ ಐದಕ್ಕೆ ನಾಲ್ಕು ಕೊಡುತ್ತೇನೆ.

ಇದು ಹೊಸಬರ ಕೋರ್ಸ್ ಅಲ್ಲ. ನಡಿಗೆ, ಟ್ರಾಟ್ (ಕುಕ್ಕೋಟ), ಕ್ಯಾಂಟರ್ (ಗ್ಯಾಲಪ್‌ಗಿಂತ ನಿಧಾನದ ಓಟ) ಮೂರೂ ಬರಬೇಕು. ಬರುತ್ತದೆ ಅಂತ ಬಾಯಲ್ಲಿ ಹೇಳಿದರೆ ಸಾಲದು, ಮೊದಲ ದಿನವೇ ಪರೀಕ್ಷೆ. ಪಾದ ಇಡುವ ರಿಕಾಪು ಬಿಟ್ಟು ಟ್ರಾಟ್ ಮಾಡಿಸುತ್ತಾರೆ. ಆಮೇಲೆ ಕ್ಯಾಂಟರ್‌ನಿಂದ ಇಳಿಸುತ್ತಾ ಬಂದು ಅವರು ತೋರಿಸಿದ ಜಾಗದಲ್ಲೇ ನಿಲ್ಲಿಸಬೇಕು. ಲಗಾಮಿಗೆ ಜೋತುಬಿದ್ದು ಬ್ಯಾಲೆನ್ಸ್ ಮಾಡುವವರನ್ನು ಸೀದಾ ಕ್ಯಾಂಟರ್ ಕ್ಲಾಸಿಗೆ ವಾಪಸ್ ಕಳಿಸುತ್ತಾರೆ. ನಮ್ಮ ಬ್ಯಾಚಿನಲ್ಲೂ ಕೆಲವರನ್ನು ಕಳಿಸಿದರು, ಅವರಿಗೆ ಬೇಜಾರಾಯಿತು, ಆದರೆ ಟೀಚರ್ ಮಾಡಿದ್ದೇ ಸರಿ, ಏಕೆಂದರೆ ಕ್ಯಾಂಟರ್‌ನಲ್ಲಿ ಕುದುರೆಯ ಬಾಯಿ ಎಳೆಯುವವರು ಗ್ಯಾಲಪ್‌ನಲ್ಲಿ ಇನ್ನೂ ಜಾಸ್ತಿ ಎಳೆಯುತ್ತಾರೆ, ನೋವು ತಿನ್ನುವುದು ಕುದುರೆ.

ಕ್ಯಾಂಟರ್ ಅಂದರೆ ಗಂಟೆಗೆ ಸುಮಾರು 16ರಿಂದ 27 ಕಿ.ಮೀ. ಗ್ಯಾಲಪ್ ಅಂದರೆ 40ರಿಂದ 48. ಆ ವೇಗದಲ್ಲಿ ಗಾಳಿಗೆ ಕಣ್ಣಲ್ಲಿ ನೀರು ಬರುತ್ತದೆ, ಯೋಚಿಸಲು ಸಮಯ ಇರುವುದಿಲ್ಲ. ಕೈಕಾಲಿಗೆ ಮೊದಲೇ ಅಭ್ಯಾಸ ಆಗಿರಬೇಕು. ಅದಕ್ಕೇ ಇಲ್ಲಿ ಕೋರ್ಸಿನ ಹೆಚ್ಚಿನ ಭಾಗ ನಿಲ್ಲಿಸುವುದಕ್ಕೇ ಹೋಗುತ್ತದೆ.

ಹೆದರಿದವರು ಸಾಮಾನ್ಯವಾಗಿ ಎರಡೂ ಕೈಯಲ್ಲಿ ಲಗಾಮು ಬಿಗಿಯಾಗಿ ಎಳೆದು ಹಿಡಿದುಬಿಡುತ್ತಾರೆ. ಅದರಿಂದ ಕುದುರೆ ನಿಲ್ಲುವ ಬದಲು ಬಾಯಲ್ಲಿರುವ ಕಡಿವಾಣದ ಮೇಲೆ ಭಾರ ಹಾಕಿ ಇನ್ನೂ ಜೋರಾಗಿ ಓಡಬಹುದು. ಇವರು ಕಲಿಸುವುದು ಹಿಡಿ-ಬಿಡು, ಹಿಡಿ-ಬಿಡು. ಜೊತೆಗೆ ಬೆನ್ನು ನೇರ ಮಾಡಿ, ಉಸಿರು ಬಿಟ್ಟು, ನಿಧಾನಕ್ಕೆ ಮೈ ಹಿಂದಕ್ಕೆ ತರಬೇಕು. ಜಾಗ ಇದ್ದರೆ ದೊಡ್ಡ ಸುತ್ತು ಹಾಕಿಸಿ, ಆ ಸುತ್ತನ್ನು ಸ್ವಲ್ಪ ಸ್ವಲ್ಪವೇ ಚಿಕ್ಕದು ಮಾಡುತ್ತಾ ವೇಗ ಇಳಿಸಬೇಕು. ಪೂರ್ತಿ ವೇಗದಲ್ಲಿ ತಲೆಯನ್ನು ಒಮ್ಮೆಲೇ ಪಕ್ಕಕ್ಕೆ ಎಳೆದರೆ ಕುದುರೆ ಕಾಲು ತಪ್ಪಿ ಬೀಳಬಹುದು, ಇದನ್ನು ಟೀಚರ್ ಎಷ್ಟು ಸಲ ಹೇಳಿದರೂ ಸಾಕು ಅನ್ನಿಸಲಿಲ್ಲ ನನಗೆ. ಕೈಮೀರಿದರೆ ಮಾತ್ರ ಪುಲ್ಲಿ ರೇನ್. ಒಂದು ಕೈಯನ್ನು ಅಯಾಲಿನ ಹತ್ತಿರ ಕುತ್ತಿಗೆಗೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಲಗಾಮನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಬಿಡುವುದು. ಇದು ಕುದುರೆಯ ಬಾಯಿಗೆ ತುಂಬಾ ಕಠಿಣ, ಹಾಗಾಗಿ ನಿಂತ ಕುದುರೆಯ ಮೇಲೆ ಬರೀ ಕೈಯ ಜಾಗ ತೋರಿಸಿಕೊಟ್ಟರು, ಎಳೆಯಲು ಬಿಡಲಿಲ್ಲ. ಒಳ್ಳೆಯದೇ ಮಾಡಿದರು.

ಇನ್ನು ಹಾಫ್ ಸೀಟ್, ಅಂದರೆ ಗ್ಯಾಲಪ್‌ನಲ್ಲಿ ಅರ್ಧ ಎದ್ದು ಕೂರುವ ರೀತಿ. ರಿಕಾಪನ್ನು ಎರಡು ಮೂರು ತೂತು ಗಿಡ್ಡ ಮಾಡಿ, ಸೊಂಟವನ್ನು ಜೀನಿನಿಂದ ಸ್ವಲ್ಪ ಎತ್ತಿ, ಭಾರವನ್ನೆಲ್ಲ ಹಿಮ್ಮಡಿಗೆ ಇಳಿಸಿ, ಮಂಡಿ ಬಿಗಿಯದೆ ಮುಂದಕ್ಕೆ ನೋಡುತ್ತಾ ಇರಬೇಕು. ಕೇಳಲು ಸುಲಭ ಅಲ್ವಾ? ತೊಡೆ ಉರಿಯಲು ಶುರುವಾದಾಗ ಗೊತ್ತಾಗುತ್ತದೆ. ಮೊದಲು ನಡಿಗೆಯಲ್ಲಿ, ಆಮೇಲೆ ಟ್ರಾಟ್‌ನಲ್ಲಿ, ಆಮೇಲೆ ಉದ್ದ ಕ್ಯಾಂಟರ್‌ನಲ್ಲಿ ಇದನ್ನೇ ಮಾಡಿಸುತ್ತಾರೆ. ಇಲ್ಲಿ ನನಗೆ ತುಂಬಾ ಇಷ್ಟವಾದದ್ದು ಕುದುರೆಯ ಕುತ್ತಿಗೆಗೆ ಹಾಕುವ ಒಂದು ಸಾದಾ ಪಟ್ಟಿ, ನೆಕ್ ಸ್ಟ್ರಾಪ್. ಬ್ಯಾಲೆನ್ಸ್ ತಪ್ಪಿತು ಅನ್ನಿಸಿದ ಕೂಡಲೇ ಲಗಾಮು ಎಳೆಯುವ ಬದಲು ಅದನ್ನು ಹಿಡಿದುಕೊಳ್ಳಬಹುದು. ಎಲ್ಲ ಕುದುರೆಗೂ ಹಾಕಿದ್ದರು, ಹಿಡಿಯಲು ನಾಚಿಕೆ ಬೇಡ ಅಂತ ಮೊದಲೇ ಹೇಳಿದ್ದರು.

ಒಂದು ಕ್ಲಾಸ್ ಪೂರ್ತಿ ಚಿತ್ರ ತೋರಿಸಿ ಪಾಠ. 1878ರಲ್ಲಿ ಈಡ್‌ವರ್ಡ್ ಮೈಬ್ರಿಡ್ಜ್ ತೆಗೆದ ಓಡುವ ಕುದುರೆಯ ಫೋಟೋಗಳು. ಗ್ಯಾಲಪ್‌ನಲ್ಲಿ ನಾಲ್ಕೂ ಕಾಲು ನೆಲ ಬಿಟ್ಟಿರುವ ಒಂದು ಕ್ಷಣ ಇದೆ, ಆದರೆ ಹಳೆಯ ಚಿತ್ರಗಳಲ್ಲಿ ಇರುವ ಹಾಗೆ ಕಾಲು ಚಾಚಿದಾಗ ಅಲ್ಲ, ಹೊಟ್ಟೆಯ ಕೆಳಗೆ ಕೂಡಿಕೊಂಡಾಗ. ಕ್ಯಾಂಟರ್‌ನಲ್ಲಿ ಗೊರಸು ನೆಲಕ್ಕೆ ಬೀಳುವ ಮೂರು ಪೆಟ್ಟು ಗ್ಯಾಲಪ್‌ನಲ್ಲಿ ನಾಲ್ಕಾಗುತ್ತದೆ. ನಾಲ್ಕೂ ಕಾಲು ಒಂದೊಂದು ಸಲ ಊರಿ ಮುಗಿಯುವ ಒಂದು ಹೆಜ್ಜೆಸುತ್ತಿಗೆ ಕುದುರೆ ಒಂದೇ ಉಸಿರು ತೆಗೆಯುತ್ತದೆ. ಹಾಗಾಗಿ ಬುಸ್ ಬುಸ್ ಸದ್ದು ಲಯವಾಗಿ ಕೇಳಿಸುತ್ತದೆ, ಅದು ಸುಸ್ತಲ್ಲ, ಗಾಬರಿಯೂ ಅಲ್ಲ. ಇದನ್ನು ಮೊದಲೇ ತಿಳಿದಿದ್ದರಿಂದ ನನ್ನ ಭಯ ಅರ್ಧ ಕಡಿಮೆಯಾಯಿತು.

ಈಗ ಸಿಟ್ಟಿನ ವಿಷಯ. ಹೆಲ್ಮೆಟ್‌ಗಳು ಚೆನ್ನಾಗಿದ್ದವು, ಜೋರಾಗಿ ಪೆಟ್ಟು ಬಿದ್ದದ್ದನ್ನು ಮತ್ತೆ ಯಾರಿಗೂ ಕೊಡುವುದಿಲ್ಲ. ಬಿದ್ದಾಗ ಪಾದ ಸಿಕ್ಕಿಕೊಳ್ಳದಂತೆ ಬಿಡಿಸುವ ಸೇಫ್ಟಿ ರಿಕಾಪೂ ಇದ್ದವು, ಹಿಮ್ಮಡಿ ಇಲ್ಲದ ಶೂ ಹಾಕಿ ಬಂದವರನ್ನು ಹತ್ತಲು ಬಿಡಲಿಲ್ಲ. ಇಷ್ಟೆಲ್ಲ ಎಚ್ಚರ ಇರುವವರು ಎದೆ-ಬೆನ್ನು ಕಾಯುವ ವೆಸ್ಟ್ ವಿಷಯದಲ್ಲಿ ಯಾಕೆ ಹೀಗೆ? ಸೈಜ್ ಎರಡೇ. ಕೆಲವದರ ವೆಲ್ಕ್ರೋ ಸವೆದು ಹೋಗಿತ್ತು. ಸಡಿಲವಾದ ವೆಸ್ಟ್ ಬಿದ್ದಾಗ ಮೇಲಕ್ಕೆ ಸರಿಯುತ್ತದೆ, ಕಾಯಬೇಕಾದ ಜಾಗ ಕಾಯುವುದಿಲ್ಲ. ಯುರೋಪಿನ ಸುರಕ್ಷತಾ ಮಾನದಂಡವಾದ ಇಎನ್ 13158ರ ಲೆವೆಲ್ 3 ಗುರುತು ಇದ್ದರಷ್ಟೇ ಸಾಲದು, ಮೈಗೆ ಸರಿಯಾಗಿ ಕೂರಬೇಕು. ಇದನ್ನು ಅವರ ಮುಖಕ್ಕೇ ಹೇಳಿ ಬಂದಿದ್ದೇನೆ.

ಬ್ಯಾಚೂ ದೊಡ್ಡದಾಯಿತು. ಸರದಿಗೆ ಕಾಯುತ್ತಾ ನಿಂತರೆ ಕುದುರೆಯ ಮೈ ಆರುತ್ತದೆ, ನಮ್ಮದೂ ಆರುತ್ತದೆ, ಮತ್ತೆ ಬೆಚ್ಚಗಾಗಲು ಸಮಯ ಬೇಕು. ತೊಡೆ, ಹೊಟ್ಟೆ ಗಟ್ಟಿಯಾಗಲು ಮನೆಯಲ್ಲಿ ಏನು ವ್ಯಾಯಾಮ ಮಾಡಬೇಕು ಅನ್ನುವುದನ್ನಂತೂ ಯಾರೂ ಹೇಳಲಿಲ್ಲ.

ಗ್ಯಾಲಪ್ ದಿನ ಮಾತ್ರ ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡಿದರು. ಮುಂದೆ ಟೀಚರ್‌ನ ಸಮಾಧಾನದ ಕುದುರೆ, ಹಿಂದೆ ಒಬ್ಬೊಬ್ಬರೇ, ನಡುವೆ ಸಾಕಷ್ಟು ಅಂತರ. ದಾರಿಯನ್ನು ಮೊದಲು ನಡಿಗೆಯಲ್ಲೇ ಹೋಗಿ ನೋಡಿದೆವು, ಗುಂಡಿ ಇಲ್ಲ, ಕಲ್ಲಿಲ್ಲ. ಸ್ವಲ್ಪ ಏರು ಇರುವ ಜಾಗ, ಮೇಲೆ ಹೋಗುತ್ತಾ ವೇಗ ತಾನಾಗಿ ತಗ್ಗುತ್ತದೆ. ಲಾಯದ ಕಡೆಗೆ ಮುಖ ಮಾಡಿ ಓಡಿಸಲೇ ಇಲ್ಲ, ಮನೆ ಕಡೆ ಅಂದರೆ ಕುದುರೆಗೆ ಅವಸರ ಜಾಸ್ತಿ. ಹತ್ತಿದಾಗ ಬಿಗಿಯಾಗಿದ್ದ ಗರ್ತ್ (ಜೀನನ್ನು ಹೊಟ್ಟೆಯ ಕೆಳಗಿಂದ ಕಟ್ಟುವ ಪಟ್ಟಿ) ಸ್ವಲ್ಪ ಹೊತ್ತಿನಲ್ಲಿ ಸಡಿಲವಾಗಿರುತ್ತದೆ, ಹೊರಡುವ ಮುಂಚೆ ಅದನ್ನೂ ಮತ್ತೆ ನೋಡಿದರು. ಕ್ಯಾಂಟರ್‌ನಿಂದ ಗ್ಯಾಲಪ್‌ಗೆ ದಾಟಿದಾಗ ತೂಗಾಟ ಕಡಿಮೆಯಾಯಿತು, ಕುದುರೆಯ ಬೆನ್ನು ಚಪ್ಪಟೆಯಾದ ಹಾಗೆ, ಉದ್ದವಾದ ಹಾಗೆ ಅನ್ನಿಸಿತು, ನಾನು ನೆಕ್ ಸ್ಟ್ರಾಪ್‌ಗೆ ಬೆರಳು ಸಿಕ್ಕಿಸಿ ಜೋರಾಗಿ ನಗುತ್ತಿದ್ದೆ. ನಿಲ್ಲಿಸಲು ಕೇಳಿದಾಗ ಕುದುರೆ ನಿಂತಿತು! ಆ ಖುಷಿಯೇ ಓಡಿದ ಖುಷಿಗಿಂತ ದೊಡ್ಡದು.

ಆಮೇಲೆ ಕೂಡಲೇ ಇಳಿದು ಫೋಟೋ ತೆಗೆಯಲು ಬಿಡುವುದಿಲ್ಲ. ವಿಶ್ರಾಂತಿಯಲ್ಲಿ ಕುದುರೆಯ ಎದೆ ನಿಮಿಷಕ್ಕೆ 28ರಿಂದ 44 ಸಲ ಬಡಿಯುತ್ತದೆ, ಜೋರು ಗ್ಯಾಲಪ್‌ನಲ್ಲಿ 200 ದಾಟುತ್ತದೆ. ಉಸಿರು ಸರಿಯಾಗುವ ತನಕ ಲಗಾಮು ಸಡಿಲ ಬಿಟ್ಟು ನಡೆಸಿಯೇ ನಡೆಸಿದೆವು.

ಕ್ಯಾಂಟರ್ ಚೆನ್ನಾಗಿ ಬರುವವರು ಧೈರ್ಯವಾಗಿ ಸೇರಿ. ಬ್ಯಾಚಿನಲ್ಲಿ ಎಷ್ಟು ಜನ ಅಂತ ದುಡ್ಡು ಕಟ್ಟುವ ಮುಂಚೆ ಕೇಳಿ. ವೆಸ್ಟ್ ಮಾತ್ರ ಸ್ವಂತದ್ದೇ ತೆಗೆದುಕೊಂಡು ಹೋಗಿ.