ರೆಸೊಲ್ಯೂಟ್‌ನಿಂದ ಗ್ರೀಸ್ ಫಿಯೋರ್ಡ್‌ಗೆ ಎಷ್ಟು ದೂರ, ಎಷ್ಟು ಹೊತ್ತು?

ಕೆನಡಾದ ಉತ್ತರದ ತುತ್ತತುದಿಯ ನುನಾವುಟ್‌ನಲ್ಲಿ ರೆಸೊಲ್ಯೂಟ್ ಬೇ, ಗ್ರೀಸ್ ಫಿಯೋರ್ಡ್ ಎಂಬ, ಇನುಯಿಟ್ ಮೂಲನಿವಾಸಿಗಳ ಎರಡು ಪುಟ್ಟ ಊರುಗಳಿವೆ. ನಡುವೆ ರಸ್ತೆಯಿಲ್ಲ. ಆಕಾಶದೂರವನ್ನು ಮೂರು ಬಗೆಯಲ್ಲಿ ಅಳೆದರೆ 1,544, 383, 385 ಕಿಮೀ ಎಂದು ಮೂರು ಉತ್ತರ ಸಿಗುತ್ತವೆ.

ಮೊದಲನೆಯದು ಗೋಡೆಗೆ ನೇತುಹಾಕುವ ಮರ್ಕೇಟರ್ ನಕ್ಷೆಯ ಮೇಲೆ ಸ್ಕೇಲ್ ಇಟ್ಟು, ಸಮಭಾಜಕದ ಅಳತೆಯಲ್ಲಿ ಲೆಕ್ಕ ಹಾಕಿದ್ದು. ಈ ನಕ್ಷೆ ಉತ್ತರಕ್ಕೆ ಹೋದಂತೆ ಹಿಗ್ಗುತ್ತದೆ. ಬೆಂಗಳೂರಿನ 13 ಡಿಗ್ರಿಯಲ್ಲಿ ಹಿಗ್ಗು ಶೇ 3ರೊಳಗೆ, ಯಾರಿಗೂ ಗೊತ್ತಾಗುವುದಿಲ್ಲ. 75 ಡಿಗ್ರಿ ದಾಟಿದ ಮೇಲೆ ನಾಲ್ಕು ಪಟ್ಟು. ಮೊಬೈಲ್ ನಕ್ಷೆಯನ್ನು ಬೆರಳಿನಿಂದ ಉತ್ತರಕ್ಕೆ ಎಳೆಯುತ್ತಾ ಮೂಲೆಯಲ್ಲಿರುವ ಅಳತೆಪಟ್ಟಿಯನ್ನು ಗಮನಿಸಿ, ಅದು ಬದಲಾಗುತ್ತಲೇ ಇರುತ್ತದೆ.

ಎರಡನೆಯದು, ಭೂಮಿಯನ್ನು ಗೋಳವೆಂದು ಹಿಡಿದು ಎರಡು ಊರುಗಳ ನಡುವಿನ ಅತಿ ಹತ್ತಿರದ ದೂರ ಹೇಳುವ ಹ್ಯಾವರ್‌ಸೈನ್ ಸೂತ್ರ. ರೆಸೊಲ್ಯೂಟ್ 74.717 ಉತ್ತರ, 94.969 ಪಶ್ಚಿಮ, ಗ್ರೀಸ್ ಫಿಯೋರ್ಡ್ 76.426 ಉತ್ತರ, 82.909 ಪಶ್ಚಿಮ. ಅಕ್ಷಾಂಶ ವ್ಯತ್ಯಾಸದ ಅರ್ಧದ ಸೈನ್ ವರ್ಗ 0.000222. ರೇಖಾಂಶ ವ್ಯತ್ಯಾಸದ ಅರ್ಧದ ಸೈನ್ ವರ್ಗವನ್ನು ಎರಡೂ ಅಕ್ಷಾಂಶಗಳ ಕೊಸೈನ್‌ಗಳಿಂದ ಗುಣಿಸಿದರೆ 0.000683. ಕೂಡಿ, ವರ್ಗಮೂಲ ತೆಗೆದು, ಆರ್ಕ್‌ಸೈನ್ ಹಿಡಿದು ದುಪ್ಪಟ್ಟು ಮಾಡಿದರೆ 0.06018 ರೇಡಿಯನ್, ಭೂಮಿಯ ತ್ರಿಜ್ಯ 6,371 ಕಿಮೀಯಿಂದ ಗುಣಿಸಿದರೆ 383 ಕಿಮೀ. ಕೈತಪ್ಪುವ ಜಾಗ ಎರಡು. 74 ಡಿಗ್ರಿ 43 ನಿಮಿಷವನ್ನು 74.43 ಎಂದು ಬರೆದರೆ ಊರು 32 ಕಿಮೀ ದಕ್ಷಿಣಕ್ಕೆ ಸರಿಯುತ್ತದೆ. ಪಶ್ಚಿಮ ರೇಖಾಂಶಕ್ಕೆ ಹಾಕುವ ಮೈನಸ್ ಗುರುತನ್ನು ಒಂದು ಊರಿಗೆ ಹಾಕಿ ಇನ್ನೊಂದಕ್ಕೆ ಮರೆತರೋ, ದಾರಿ ಧ್ರುವದ ಪಕ್ಕದಲ್ಲೇ ಹಾದು 3,200 ಕಿಮೀ ಆಗುತ್ತದೆ!

ಮೂರನೆಯದು ಧ್ರುವದ ಬಳಿ ಭೂಮಿ ಚಪ್ಪಟೆಯಾಗಿರುವುದನ್ನೂ ಲೆಕ್ಕಕ್ಕೆ ಹಿಡಿಯುವ ವಿಧಾನ: 385. ಎರಡು ಕಿಮೀಗಾಗಿ ಇಷ್ಟು ಕಷ್ಟ ಪ್ರಯಾಣಿಕನಿಗೆ ಬೇಕಿಲ್ಲ, ಹ್ಯಾವರ್‌ಸೈನ್ ಸಾಕು.

ಹೊತ್ತಿನ ಲೆಕ್ಕದಲ್ಲಿ ಮೋಸ ಹೆಚ್ಚು. ಜೆಟ್ ವೇಗ ಹಿಡಿಯುವ ಕ್ಯಾಲ್ಕುಲೇಟರ್ ಅರ್ಧ ಗಂಟೆ ಎನ್ನುತ್ತದೆ. ಆದರೆ ಗ್ರೀಸ್ ಫಿಯೋರ್ಡ್‌ನ ಜಲ್ಲಿ ರನ್‌ವೇ ಸುಮಾರು 500 ಮೀಟರ್, ಜೆಟ್‌ಗೆ ಸಾಲದು. ಅಲ್ಲಿಗೆ ಹೋಗುವುದು ಟ್ವಿನ್ ಆಟರ್ ಎಂಬ ಪುಟ್ಟ ವಿಮಾನ. ಅದರ ವೇಗ ಗಂಟೆಗೆ ಸುಮಾರು 278 ಕಿಮೀ. ಗಾಳಿಯಿಲ್ಲದಿದ್ದರೆ 83 ನಿಮಿಷ, ಗಂಟೆಗೆ 40 ಕಿಮೀ ಎದುರುಗಾಳಿಗೆ 97, ಹಿಂಗಾಳಿಗೆ 73. ಹೋಗಿಬರುವಾಗ ಗಾಳಿ ಸರಿತೂಗುತ್ತದೆ ಎಂದುಕೊಳ್ಳಬೇಡಿ: 166ರ ಬದಲು 170 ಆಗುತ್ತದೆ. ಏರಲು, ಇಳಿಯಲು ಇನ್ನು ಹತ್ತು ನಿಮಿಷ ಸೇರಿಸಿ.

ವೇಳಾಪಟ್ಟಿಯನ್ನೇ ನಂಬುವವರು ಗಡಿಯಾರ ನೋಡಿಕೊಳ್ಳಬೇಕು. ಗ್ರೀಸ್ ಫಿಯೋರ್ಡ್ ಒಂದು ಗಂಟೆ ಮುಂದಿದೆ. ಒಂದೂವರೆ ಗಂಟೆಯ ಹಾರಾಟ ಹೋಗುವಾಗ ಎರಡೂವರೆ ಗಂಟೆಯಂತೆ, ಬರುವಾಗ ಅರ್ಧ ಗಂಟೆಯಂತೆ ಕಾಣುತ್ತದೆ.

ಇನ್ನು ಹವಾಮಾನ. ಸುತ್ತ ಬೆಟ್ಟಗಳಿರುವುದರಿಂದ ಮಂಜು ಕವಿದರೆ ಇಳಿಯಲಾಗದು. ವಿಮಾನ ಊರಿನ ಮೇಲಿಂದಲೇ ತಿರುಗಿ, ಹೋಗಿಬರುವ ದಾರಿ ಸೇರಿ ಒಟ್ಟು 770 ಕಿಮೀ, ಮೂರು ಗಂಟೆ ಹಾರಿ ರೆಸೊಲ್ಯೂಟ್‌ಗೇ ವಾಪಸ್. ಆ ಇಂಧನವನ್ನು ಮೊದಲೇ ತುಂಬಿಕೊಳ್ಳಬೇಕಾದ್ದರಿಂದ ಅಷ್ಟು ತೂಕದ ಜನವೋ ಸಾಮಾನೋ ಕಡಿಮೆ ಹತ್ತುತ್ತದೆ. ಮುಂದಿನ ವಿಮಾನಕ್ಕೆ ಕನಿಷ್ಠ ಒಂದು ಪೂರ್ತಿ ದಿನ ಬಿಟ್ಟುಕೊಂಡೇ ಟಿಕೆಟ್ ಮಾಡಿಸಿ.